ಕೆಂಪು ಹಗ್ಗ ಇರಬೇಕಾದ್ದು ಕೈಯಲ್ಲಿ

ರಾಮಲಿಂಗಯ್ಯನ ಹಿಪ್ಪುನೇರಳೆ ತೋಟ ಕಣ್ವ ಹಿನ್ನೀರಿನ ಆಚೆ ದಡದಲ್ಲಿ, ರೇಷ್ಮೆ ಹುಳು ಸಾಕುವ ಮನೆ ಈಚೆ ದಡದಲ್ಲಿ. ರಸ್ತೆಯಲ್ಲಿ ಸುತ್ತಿ ಬರುವಷ್ಟರಲ್ಲಿ ಸೊಪ್ಪು ಬಾಡುತ್ತಿತ್ತು. ಊರಿನ ಸಂಘ ಡೀಸೆಲ್ ಇಂಜಿನ್ ದೋಣಿ ತಂದ ಮೇಲೆ ಆ ಚಿಂತೆ ತೀರಿತು. ದೋಣಿಯ ಹಿಂಬದಿಗೆ ತಗುಲಿಸಿದ ಇಂಜಿನ್ನು ಅದು. ಬೆಳಿಗ್ಗೆ ಮೀನಿನ ಬಲೆಗೆ, ಆಮೇಲೆ ಸೊಪ್ಪಿಗೆ, ಬಿಡುವಾದಾಗ ನೀರಿನ ಕಳೆ ಎಳೆಯುವುದಕ್ಕೆ, ಎಲ್ಲಕ್ಕೂ ಒಂದೇ ದೋಣಿ. ನಡೆಸುವವನು ರಾಮಲಿಂಗಯ್ಯ. ಸೊಪ್ಪಿನ ಹೊರೆಗಳ ನಡುವೆ ಕೂತು ಬರುವವಳು ಹೆಂಡತಿ ಶಿವಲಿಂಗಮ್ಮ. ಅವಳಿಗೆ ಈಜು ಬಾರದು.

ಸರ್ವಿಸ್ ಮಾಡಲು ಚನ್ನಪಟ್ಟಣದಿಂದ ಬಂದ ಮೆಕ್ಯಾನಿಕ್ ಬಾಲರಾಜು ಇಂಜಿನ್ ನೋಡಿ ನಿಂತುಬಿಟ್ಟ. ಒಂದು ತುದಿ ಸ್ವಿಚ್ಚಿಗೆ ಸಿಕ್ಕಿಸಿ, ಇನ್ನೊಂದು ತುದಿ ನಡೆಸುವವನ ಕೈಗೆ ಕಟ್ಟಿಕೊಳ್ಳಬೇಕಾದ ಕೆಂಪು ಹಗ್ಗವನ್ನು ಇಂಜಿನ್ನಿನ ಹಿಡಿಗೇ ಸುತ್ತಿ ಗಂಟು ಹಾಕಲಾಗಿತ್ತು.

"ಇದ್ಯಾರ ಕೆಲ್ಸ, ಲಿಂಗಣ್ಣ?"

"ನಂದೇ ಕಣ್ಲಾ. ಕೈಗೆ ಕಟ್ಕೊಂಡ್ರೆ, ಒಸಿ ಅತ್ಲಾಗೆ ತಿರುಗಿದ್ರೂ ಕಿತ್ಕೊಂಡು ಇಂಜಿನ್ನು ನಿಂತೋಯ್ತದೆ. ಪಂಪ್‌ಸೆಟ್ಟಿನ ಹಿಡಿಗೂ ಹಿಂಗೇ ಹಗ್ಗ ಕಟ್ಬುಟ್ಟು ನಾವು ಗದ್ದೆ ಕಡೆ ಹೋಯ್ತಿರ್ಲಿಲ್ವಾ?"

"ನಿಲ್ಲಲಿ ಅಂತ್ಲೇ ಆ ಹಗ್ಗ ಇರೋದು."

"ಹಗ್ಗ ಕಟ್ಟಿಸ್ಕೊಳ್ಳಾಕೆ ನಾನೇನು ಕಡಸಾ?"

"ಕಡಸಾದ್ರೆ ಹೇಳಿದ್ ಮಾತು ಕೇಳ್ತದೆ," ಎಂದಳು ಶಿವಲಿಂಗಮ್ಮ.

ಬಾಲರಾಜು ನಕ್ಕ. "ಪಂಪ್‌ಸೆಟ್ಟು ನೆಲದ ಮ್ಯಾಲೆ ಕುಂತಿರ್ತದೆ ಅಣ್ಣ. ನೀನು ಜಾರಿ ನೀರಿಗೆ ಬಿದ್ರೆ ದೋಣಿ ಸುಮ್ಕಿರಲ್ಲ. ತಿರುಗ್ಕೊಂಡು ನಿನ್ನ ಮ್ಯಾಲೇ ಬತ್ತದೆ."

"ಬತ್ತದಂತೆ, ಸಾಕಿದ್ ನಾಯಿ ನೋಡು."

"ನಡಿ, ನೋಡೇ ಬುಡವ."

ಮೂವರೂ ಲೈಫ್ ಜಾಕೆಟ್ ಹಾಕಿಕೊಂಡು, ಜನವಿಲ್ಲದ ನಡುನೀರಿಗೆ ಹೋದರು. ದೋಣಿ ನಡೆಸುತ್ತಿದ್ದ ಬಾಲರಾಜು ಕಳೆ ತುಂಬಿದ ಗೋಣಿಚೀಲವೊಂದನ್ನು ನೀರಿಗೆ ನೂಕಿ, ಇಂಜಿನ್ನಿನ ಹಿಡಿಯಿಂದ ಕೈ ತೆಗೆದ. ದೋಣಿ ತಾನಾಗಿಯೇ ವಾಲಿತು, ದುಂಡಗೆ ತಿರುಗಿತು, ತೇಲುತ್ತಿದ್ದ ಚೀಲದ ಮೇಲೇ ಬಂತು. ತಳದಲ್ಲಿ ಧಡ್ ಎಂದಿತು. ಹಿಂದೆ, ಇಂಜಿನ್ನಿನ ತಿರುಗುವ ರೆಕ್ಕೆಗೆ ಸಿಕ್ಕಿ ಹರಿದ ಗೋಣಿಯ ಚೂರುಗಳು ತೇಲಿದವು. ದೋಣಿ ಮತ್ತೆ ಸುತ್ತತೊಡಗಿತು.

"ನೀರಲ್ಲಿರೋನು ಈಗ ಲಿಂಗಣ್ಣ ಅಂತ ಅನ್ಕೋ. ಅಕ್ಕಾ, ಇಂಜಿನ್ ನಿಲ್ಸು ನೋಡನ."

ಶಿವಲಿಂಗಮ್ಮ ದೋಣಿಯ ಅಂಚನ್ನು ಅವುಚಿ ಹಿಡಿದಿದ್ದಳು. ಇಂಜಿನ್ನನ್ನು ನೋಡಿದಳು, ಗಂಡನನ್ನು ನೋಡಿದಳು. "ಎಲ್ಲಿ ಮುಟ್ಟಬೇಕು ಅಂತ್ಲೇ ಗೊತ್ತಿಲ್ವಲ್ಲಪ್ಪ."

ಬಾಲರಾಜು ಸ್ವಿಚ್ಚಿನಿಂದ ಹಗ್ಗದ ಕೊಂಡಿ ಕಿತ್ತ. ಇಂಜಿನ್ನು ತಟ್ಟನೆ ನಿಂತಿತು.

ರಾಮಲಿಂಗಯ್ಯ ಹಿಂಬದಿಗೆ ಬಂದು ಇಂಜಿನ್ನಿನ ಪಕ್ಕ ಕೂತ. ತಾನೇ ಹಾಕಿದ್ದ ಗಂಟನ್ನು ಬಿಚ್ಚಿ, ಹಗ್ಗವನ್ನು ಮಣಿಕಟ್ಟಿಗೆ ಕಟ್ಟಿಕೊಂಡು, ಕೊಂಡಿ ಸಿಕ್ಕಿಸಿ ಇಂಜಿನ್ ಶುರು ಮಾಡಿದ.

"ಬಾಮ್ಮಿ ಇಲ್ಲಿ. ಈ ಹಗ್ಗ ಎಳಿ."

ಅವಳು ಎಳೆದಳು. ನಿಂತಿತು. ಅವನು ಮತ್ತೆ ಶುರು ಮಾಡಿದ.

"ಇನ್ನೊಂದ್ಸಲ ಎಳಿ. ಈಗ ನನ್ ಮಖ ನೋಡ್ದೆ ಎಳಿ."

ದೋಣಿ ನಡೆಸುವ ಅಣ್ಣ, ಇಂಜಿನ್ ಶುರು ಮಾಡುವ ಮೊದಲು ಕೆಂಪು ಹಗ್ಗ ನಿಮ್ಮ ಮಣಿಕಟ್ಟಿಗೆ ಬರಲಿ. ಕೆಲಸದ ನಡುವೆ ಎರಡು ಸಲ ಇಂಜಿನ್ ನಿಂತರೆ ಹೋಗುವುದು ಒಂದು ಗಳಿಗೆ ಮಾತ್ರ. ಜೊತೆಗೆ ಕೂರುವ ಪ್ರತಿಯೊಬ್ಬರಿಗೂ, ಈಜು ಬಾರದವರಿಗೆ ಮೊದಲು, ಇಂಜಿನ್ ನಿಲ್ಲಿಸುವುದನ್ನು ಕಲಿಸಿ. ಜಾಕೆಟ್ ಹಾಕಿಸಿ. ನಾಳೆ ಅಲ್ಲ, ಇವತ್ತಿನ ಮೊದಲ ಓಡಾಟದಲ್ಲೇ.