ಮುಕ್ಕಾಲು ಮಡಕೆ ಕೆಂಡ

ಗುಳುಕ್ ಅಂದಿತು ಹಿಂದಿನ ಸೀಟಿನ ನೀರಿನ ಕ್ಯಾನು, ತಿರುವು ಬಂದಾಗಲೆಲ್ಲ ಹಾಗೇ, ಉಂಡು ಹೆಚ್ಚಾದವರ ಹೊಟ್ಟೆಯ ಹಾಗೆ, ಬೆಳಗಿನಿಂದ ಕೇಳಿ ಕೇಳಿ ಅದೂ ಏನೋ ಹೇಳುತ್ತಿದೆ ಅನ್ನಿಸತೊಡಗಿದೆ — ಎರಡು ಕ್ಯಾನು, ಎರಡಕ್ಕೂ ಬೆಲ್ಟು, ಇವರು ಮನೆಯಿಂದ ಡ್ಯೂಟಿಗೆ ಹೊರಟ ನರ್ಸುಗಳು ಅಂತ ತಿಳ್ಕೊಳ್ಳಿ ಅಂದಿದ್ದರು ಆಸ್ಪತ್ರೆಯ ಗಾಡಿಗಳ ಉಸ್ತುವಾರಿ ಸಾರ್, ತಾವೇ ಎತ್ತಿ ಕೂರಿಸಿ, ತಾವೇ ಬೆಲ್ಟು ಬಿಗಿದು, ಇಷ್ಟು ತೆಳ್ಳಗಿನ ನರ್ಸುಗಳಾ ಸಾರ್ ಅಂದಳು ಅಮ್ಮ, ಏನ್ಮಾಡೋದಮ್ಮ ನಮ್ಮ ಕ್ಯಾಂಟೀನ್ ಊಟ ಹಾಗಿದೆ ಅಂದರು ಸಾರ್, ಅಂದು ತಾವೇ ನಕ್ಕರು, ಆಮೇಲೆ ನಗು ನಿಲ್ಲಿಸಿ ಕ್ಯಾನುಗಳ ಪಕ್ಕ ಒತ್ತಿಕೊಂಡು ಕೂತರು, ಮೂರನೇ ನರ್ಸು ನಾನು, ಮುಂದಿನ ಸೀಟಿನಲ್ಲಿ, ನೀನೂ ಒಂದು ಕ್ಯಾನು ಅಂದ್ಕೋ ಪುಟ್ಟಿ, ಮುಚ್ಚಳ ಹಾಕಿದ ಕ್ಯಾನು, ಏರು ಮುಗಿಯೋವರೆಗೆ ಬಾಯಿ ಬಿಡಬಾರದು ಅಂದಿದ್ದಾಳೆ ಅಮ್ಮ. ಮಾತಾಡಿದರೆ ಕಾಲು ಭಾರವಾಗುತ್ತೆ ಅನ್ನುತ್ತಾಳೆ ಅಮ್ಮ, ಕಾಲು ಭಾರವಾದರೆ ಬ್ಯಾಟರಿ ಕರಗುತ್ತೆ, ಅದಕ್ಕೇ ನಾನು ಮಾತು ಬಿಟ್ಟು ಕಾಲು ನೋಡುತ್ತಿದ್ದೇನೆ, ಬಲಗಾಲು, ಬರಿಗಾಲು, ಚಪ್ಪಲಿ ನನ್ನ ಚೀಲದ ಪಕ್ಕ ಒಂಟಿಯಾಗಿ ಬಿದ್ದಿದೆ, ಹಿಮ್ಮಡಿ ನೆಲಕ್ಕೆ ಊರಿದೆ, ಪೆಡಲಿನ ಮೇಲೆ ಹೆಬ್ಬೆರಳು ಮಾತ್ರ, ಉಗುರು ಸ್ವಲ್ಪ ಸೊಟ್ಟ, ಮಲಗಿದ ಕೂಸಿಗೆ ಜ್ವರ ಇದೆಯಾ ಅಂತ ಮುಟ್ಟಿ ನೋಡುವಷ್ಟು ಹಗುರವಾಗಿ — ಹಾಗೆ ಮುಟ್ಟಿಯೇ ಬೆಳಗಿನ ಸುತ್ತು ಮುಗಿಸಿದಳು, ಮಧ್ಯಾಹ್ನದ್ದು ಮುಗಿಸಿದಳು, ಈಗ ಇದೊಂದು ಸಂಜೆಯದು, ಗುಡ್ಡ ಹತ್ತಿ ಆಚೆಗಿಳಿದರೆ ಆಸ್ಪತ್ರೆ, ಆಸ್ಪತ್ರೆಯ ಗೇಟಿನಲ್ಲಿ ಬಿಳಿ ಡೀಸೆಲ್ ವ್ಯಾನು, ಯಾರದ್ದೋ, ತೊಳೆದು ಒರೆಸಿ ಬೆಳಗಿನಿಂದ ನಿಲ್ಲಿಸಿದ್ದಾರೆ, ನಾವು ದಾರಿಯಲ್ಲಿ ನಿಂತರೆ ನಾಳೆಯಿಂದ ನರ್ಸುಗಳನ್ನು ಕರೆತರುವ ಈ ಓಡಾಟ ಅದಕ್ಕೆ. ನೇರವಾಗಿಯೇ ಹೇಳಿದ್ದರು ಸಾರ್, ನೋಡಮ್ಮ, ನನಗೇನು ನಿಮ್ಮ ಮೇಲೆ ಹಗೆಯಾ, ಮೊದಲು ನಿಮ್ಮ ಗಾಡಿ ಬ್ಯಾಟರಿ ನೂರಕ್ಕೆ ನೂರು ತುಂಬ್ತಿತ್ತು, ಈಗ ಎಪ್ಪತ್ತಕ್ಕೆ ನಿಲ್ಲುತ್ತೆ ಅಂತೀರಿ, ಆಸ್ಪತ್ರೆ ಒಳಗೆ ಚಾರ್ಜಿಗೆ ಹಾಕೋಕೆ ನಾನೇ ಬಿಡೋ ಹಾಗಿಲ್ಲ, ಗುಡ್ಡದ ಮೇಲೆ ನಿಂತುಬಿಟ್ರೆ ಆ ಹುಡುಗೀರನ್ನ ನಾನು ಹೆಗಲ ಮೇಲೆ ಹೊತ್ಕೊಂಡು ಬರ್ಲಾ? ಅಮ್ಮ ಗೋಗರೆಯಲಿಲ್ಲ, ಕಣ್ಣೀರು ಹಾಕಲಿಲ್ಲ, ನೀವೇ ಒಂದು ದಿನ ಕೂತು ನೋಡಿ ಸಾರ್ ಅಂದಳು, ಅಷ್ಟೇ, ಅಂಗಡಿಯವನು ಬಟ್ಟೆ ಬಿಚ್ಚಿ ಹಾಸುವ ಹಾಗೆ ಇಡೀ ದಿನವನ್ನು ಅವರ ಮುಂದೆ ಹಾಸಿಬಿಟ್ಟಳು.

ಎಪ್ಪತ್ತು, ಎಪ್ಪತ್ತು, ಗಾಡಿ ಕಂಪನಿಯಿಂದ ಆ ಸಂದೇಶ ಬಂದ ದಿನ ಅಮ್ಮ ಅದನ್ನು ಫೋನಿನಲ್ಲಿ ಗಟ್ಟಿಯಾಗಿ ಓದಿದ್ದಳು, ನಿಮ್ಮ ವಾಹನದ ಬ್ಯಾಟರಿಯಲ್ಲಿ ದೋಷವಿರಬಹುದು, ಅತಿಯಾಗಿ ಬಿಸಿಯಾಗಬಹುದು, ಬೆಂಕಿ ಹೊತ್ತಿಕೊಳ್ಳಬಹುದು, ಎಲ್ಲವೂ ಬಹುದು ಬಹುದು, ಹೊಸ ಬ್ಯಾಟರಿ ಬರುವವರೆಗೆ ಎಪ್ಪತ್ತು ಪರ್ಸೆಂಟಿಗಿಂತ ಹೆಚ್ಚು ತುಂಬಬೇಡಿ, ಮನೆಯ ಗೋಡೆಗೆ ಹತ್ತಿರ ನಿಲ್ಲಿಸಬೇಡಿ, ಯಾವಾಗ ಬರುತ್ತೆ ಹೊಸದು ಅಂತ ಕೇಳಿದರೆ ಸರದಿಯಲ್ಲಿದ್ದೀರಿ ಮೇಡಂ, ಇನ್ನೊಂದು ವಾರ ಬಿಟ್ಟು ಕೇಳಿದರೂ ಸರದಿಯಲ್ಲಿದ್ದೀರಿ ಮೇಡಂ — ಆಮೇಲೆ ಒಂದು ಬೆಳಿಗ್ಗೆ ಗಾಡಿ ತಾನಾಗಿಯೇ ಎಪ್ಪತ್ತಕ್ಕೆ ನಿಂತಿತು, ಎಲ್ಲೋ ಕೂತ ಯಾರೋ ಅಲ್ಲಿಂದಲೇ ಕೈ ಚಾಚಿ ನಮ್ಮ ಗಾಡಿಯ ಹೊಟ್ಟೆಗೆ ಗಂಟು ಹಾಕಿದ್ದರು, ನನಗೆ ಮೈ ಜುಮ್ಮೆಂದಿತು, ಇಷ್ಟು ಉದ್ದದ ಕೈ ಅಜ್ಜಿಯ ಕಥೆಯ ರಕ್ಕಸಿಗೆ ಬಿಟ್ಟರೆ ಇನ್ಯಾರಿಗಿದೆ. ಅಜ್ಜಿಗೆ ಮಾತ್ರ ಆಶ್ಚರ್ಯವಾಗಲಿಲ್ಲ, ಬೆಂಕಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಗೋಣಿಚೀಲ ನೆನೆಸಿ ತಂದು ಬಾನೆಟ್ಟಿನ ಮೇಲೆ ಹೊದಿಸಿದಳು, ಮನೆಯಿಂದ ದೂರ, ಬಟ್ಟೆ ಒಣಗಿಸುವ ಬಯಲಿನಲ್ಲಿ, ಹೊರಗೆ ಹಾಕಿದ ಮಗುವಿನ ಹಾಗೆ ನಿಂತಿತ್ತು ಗಾಡಿ, ಹಣೆಗೆ ಒದ್ದೆಬಟ್ಟೆ ಬೇರೆ, ಅಯ್ಯೋ ಅಮ್ಮ ಬ್ಯಾಟರಿ ಮುಂದೆ ಇಲ್ಲ, ಕೆಳಗಿದೆ, ಸೀಟಿನಡಿ ಅಂದಳು ಅಮ್ಮ, ಸೀಟಿನಡಿ ಬೆಂಕಿ ಇಟ್ಕೊಂಡು ಊರು ತಿರುಗ್ತೀಯಲ್ಲೇ, ನೀನು ಹೆಣ್ಣೋ ಒಲೆಯೋ ಅಂದಳು ಅಜ್ಜಿ, ಆಮೇಲಿಂದ ದಿನಾ ಸಂಜೆ ಗಾಡಿಯ ಸುತ್ತಲಿನ ನೆಲಕ್ಕೆ ನೀರು ಚಿಮುಕಿಸಿ ಬರುವುದು, ಚೀಲ ಹೊದಿಸುವುದು, ಏನೋ ಪಿಸುಗುಟ್ಟುವುದು, ಮತ್ತೆ ಅಮ್ಮ, ಇದು ನನಗೆ ಬಹಳ ಇಷ್ಟ, ಅಮ್ಮ ಒಂದು ದಿನವೂ ರೇಗಲಿಲ್ಲ, ಬೆಳಿಗ್ಗೆ ಎದ್ದು ಆ ಚೀಲವನ್ನು ಹಿಂಡಿ, ಒದರಿ, ತಂತಿಯ ಮೇಲೆ ಹರವಿ, ಹಗಲು ಚಾರ್ಜಿಗೆ ಹಾಕಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ ಗಾಡಿಯನ್ನೇ ನೋಡುತ್ತಾ ಕೂರುತ್ತಿದ್ದಳು, ಎಷ್ಟು ದಿನ ಇದ್ದರೂ ಎಪ್ಪತ್ತು ಎಪ್ಪತ್ತೇ, ಅದರಲ್ಲೇ ಬದುಕೋದು ಹೇಗೆ ಅಂತ ನೋಡ್ಬೇಕು. ನೋಡಿದಳು, ಪ್ರಯಾಣಿಕರಿಲ್ಲದಾಗ ಈ ಗುಡ್ಡವನ್ನು ಹತ್ತಿ ಇಳಿದು ಹತ್ತಿ ಇಳಿದು, ಒಮ್ಮೆ ಚಪ್ಪಲಿ ಹಾಕಿ, ಒಮ್ಮೆ ಬಿಟ್ಟು, ಒಮ್ಮೆ ಹಾಡುತ್ತಾ, ಹಾಡಿದ ದಿನ ಖರ್ಚು ಜಾಸ್ತಿ ಪುಟ್ಟಿ, ತಾಳ ಬಂದ್ರೆ ಕಾಲು ಸುಮ್ನಿರಲ್ಲ, ಅಂದಿನಿಂದ ಏರಿನಲ್ಲಿ ಹಾಡಿಲ್ಲ, ಮಾತಿಲ್ಲ — ಅಜ್ಜಿಯ ಕಥೆಯ ಹುಡುಗಿಯೂ ಮಾತಾಡುವ ಹಾಗಿರಲಿಲ್ಲ, ಬಿಡದೆ ಸುರಿದ ಮಳೆಗೆ ಅವಳ ಊರಿನ ಒಲೆಗಳೆಲ್ಲ ಆರಿಹೋಗಿ, ಗುಡ್ಡದಾಚೆಯ ರಕ್ಕಸಿಯ ಮನೆಗೆ ಕೆಂಡ ಕೇಳಲು ಹೋದಳಂತೆ, ರಕ್ಕಸಿ ಅಂದಳಂತೆ, ಕೊಡ್ತೀನಿ, ಆದರೆ ಮಡಕೆ ತುಂಬ ಕೊಡಲ್ಲ, ತುಂಬಿದ ಕೆಂಡ ಮಡಕೆಯನ್ನೇ ತಿಂದುಬಿಡುತ್ತೆ, ಮುಕ್ಕಾಲಿಗೂ ಕಡಿಮೆ ಒಯ್ಯಿ, ಬೂದಿ ಮುಚ್ಚು, ಓಡಬೇಡ, ಓಡಿದರೆ ಗಾಳಿ, ಗಾಳಿ ತಾಗಿದರೆ ಉರಿ, ಉರಿದುಬಿಟ್ಟರೆ ಊರು ಮುಟ್ಟೋದು ಬರೀ ಬೂದಿ, ಹುಡುಗಿ ಹೂಂ ಅಂದಳಂತೆ, ಹೊರಟಳಂತೆ, ಹತ್ತಿದಳಂತೆ, ಹತ್ತಿದಳಂತೆ, ಅಜ್ಜಿಯ ದನಿಯೂ ಅವಳ ಜೊತೆ ಹತ್ತುತ್ತಿತ್ತು, ನೆತ್ತಿ ಬರುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು, ಎಷ್ಟು ಸಲ ಕೇಳಿದರೂ ಅಷ್ಟೇ, ಆ ಹುಡುಗಿ ಗುಡ್ಡ ಇಳಿದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಏರು. ಶುರುವಾಯಿತು. ಸೀಟಿಗೆ ಬೆನ್ನು ಅಂಟುತ್ತದೆ, ಮುಂದಿನ ಗಾಜಿನ ತುಂಬ ರಸ್ತೆಗಿಂತ ಆಕಾಶವೇ ಹೆಚ್ಚು, ಅಮ್ಮನ ಮುಂದಿನ ಪುಟ್ಟ ಪರದೆಯಲ್ಲಿ ಉಳಿದ ಚಾರ್ಜು ಹನ್ನೊಂದು, ಎಸಿ ತಣ್ಣಗೆ ಮೊಣಕಾಲಿಗೆ ಊದುತ್ತಿದೆ, ಎಸಿ ಇರಲೇಬೇಕು ಅಂದಿದ್ದರು ಸಾರ್ ಬೆಳಿಗ್ಗೆ, ದಿನವಿಡೀ ನಿಂತು ಕೆಲಸ ಮಾಡೋರಮ್ಮ ಅವರು, ಬೆವರಿಸಬೇಡಿ, ಈಗ ಅದೇ ಸಾರ್ ಮುಂದಕ್ಕೆ ಬಾಗಿ ಪರದೆ ನೋಡುತ್ತಿದ್ದಾರೆ, ಉಸಿರು ನನ್ನ ಕಿವಿಗೆ ತಾಗುತ್ತಿದೆ, ಎಷ್ಟಿದೆ ಅಮ್ಮ, ಸಾಕಾಗುತ್ತಾ ಅಮ್ಮ, ಇನ್ನೆಷ್ಟು ತಿರುವಿದೆ ಅಮ್ಮ, ಏರು ಮುಗಿಯೋವರೆಗೆ ಮಾತು ಬೇಡ ಸಾರ್ ಅಂದಳು ಅಮ್ಮ, ಗದರಿದ ಹಾಗಲ್ಲ, ದಾರ ಪೋಣಿಸುವಾಗ ಮಕ್ಕಳಿಗೆ ಹೇಳುವ ಹಾಗೆ, ಸಾರ್ ಬಾಯಿ ಮುಚ್ಚಿದರು, ಕ್ಯಾನು ಮುಚ್ಚಲಿಲ್ಲ, ಗುಳುಕ್ — ಒಂಬತ್ತು — ಹೆಬ್ಬೆರಳು ಕದಲುತ್ತಿಲ್ಲ, ಕದಲದೆಯೇ ಏನೋ ಮಾಡುತ್ತಿದೆ, ವೀಣೆಯ ತಂತಿಯ ಮೇಲೆ ಬೆರಳು ನಿಂತೂ ನಿಲ್ಲದ ಹಾಗೆ, ಇದಕ್ಕೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಯಾರೂ ಟಿಕೆಟ್ಟು ಕೊಂಡು ನೋಡಲು ಬರುವುದಿಲ್ಲ, ನಾನೊಬ್ಬಳೇ ಸಭೆ, ಮುಂದಿನ ಸಾಲಿನ ಸಭೆ, ಅಮ್ಮ, ನೀನು ಎಷ್ಟು ಚೆಂದ — ಅಷ್ಟರಲ್ಲಿ ಲಾರಿ. ಕಡಿದಾದ ತಿರುವಿನಲ್ಲೇ ನಿಂತಿದೆ, ಹಿಂದೆ ಎರಡು ಕಲ್ಲು ಕೊಟ್ಟು ಚಾಲಕ ಕೈ ಆಡಿಸುತ್ತಿದ್ದಾನೆ, ನಿಲ್ಲಿ ನಿಲ್ಲಿ, ಎದುರಿಂದ ಬಸ್ಸು ಬರ್ತಿದೆ, ಅಮ್ಮ ನಿಲ್ಲಿಸಿದಳು. ಏರಿನಲ್ಲಿ ನಿಂತರೆ ಮತ್ತೆ ಎಬ್ಬಿಸಲು ಎಷ್ಟು ತಿನ್ನುತ್ತದೆ ಅಂತ ನನಗೂ ಗೊತ್ತು, ಸಾರ್‌ಗೂ ಈಗ ಗೊತ್ತು, ಅಮ್ಮನ ಕುತ್ತಿಗೆಯಲ್ಲಿ ಸಣ್ಣ ನರವೊಂದು ಪಟಪಟ ಹೊಡೆದುಕೊಳ್ಳುತ್ತಿದೆ, ಓ, ಹೆದರಿದ್ದಾಳೆ, ಬೆಳಗಿನಿಂದ ಹೆದರಿಕೊಂಡೇ ಇದ್ದಾಳೆ, ಹೆದರಿಕೆಯ ಮೇಲೂ ಬೂದಿ ಮುಚ್ಚಿಕೊಂಡು ಹೊರಟವಳು — ಬಸ್ಸು ದಾಟಿತು, ಹೆಬ್ಬೆರಳು ಒತ್ತಿತು, ಗಾಡಿ ಮುಲುಕಿ ಎದ್ದಿತು, ಆರು, ಐದು, ಪರದೆಯ ಮೂಲೆಯಲ್ಲಿ ಹಳದಿಯ ಪುಟಾಣಿ ಆಮೆ ಹೊತ್ತಿಕೊಂಡಿತು. ಅದೇನಮ್ಮ ಅದು, ಆಮೆ ಯಾಕೆ ಬಂತು? ನಿಧಾನ ಹೋಗು ಅಂತಿದೆ ಸಾರ್. ಇನ್ನೂ ನಿಧಾನವಾ! ನಡೆದುಕೊಂಡು ಹೋಗೋರು ನಮ್ಮನ್ನ ದಾಟ್ತಿದಾರಮ್ಮ! ಆಮೇಲೆ ಸಾರ್ ಮೆಲ್ಲಗೆ, ಬೇರೆಯೇ ದನಿಯಲ್ಲಿ, ಎಸಿ ಆರಿಸಿಬಿಡಿ ಅಮ್ಮ, ನಾನೇನೂ ಅನ್ಕೊಳ್ಳಲ್ಲ. ಅಮ್ಮ ಕನ್ನಡಿಯಲ್ಲಿ ಹಿಂದೆ ನೋಡಿದಳು, ಸಾರ್‌ರನ್ನಲ್ಲ, ಅವರ ಪಕ್ಕದಲ್ಲಿ ಬೆಲ್ಟು ಕಟ್ಟಿಕೊಂಡು ಕೂತ ಕ್ಯಾನುಗಳನ್ನು, ನೋಡಿ ಅಂದಳು, ಬೇಡ ಸಾರ್, ನರ್ಸುಗಳು ಕೂತಿದ್ದಾರೆ.

ನಾಲ್ಕು. ತಣ್ಣನೆಯ ಗಾಳಿ ಹಾಗೇ ಬೀಸುತ್ತಿದೆ, ಆಮೆ ಹೊಳೆಯುತ್ತಿದೆ, ಆಕಾಶ, ಆಕಾಶ, ಇನ್ನೂ ಆಕಾಶ, ಇಲ್ಲಿಗೆ ಬಂದಾಗಲೇ ಅಲ್ಲವಾ ಅಜ್ಜಿಯ ದನಿ ನೀರೊಳಗೆ ಮುಳುಗಿದ ಹಾಗೆ ದೂರವಾಗುತ್ತಿದ್ದದ್ದು, ಇವತ್ತು ನಿದ್ದೆ ಮಾಡುವುದಿಲ್ಲ, ಇವತ್ತು ಕಣ್ಣು ಮುಚ್ಚುವುದಿಲ್ಲ, ಮೂರು, ಆಮೇಲೆ ಗಾಜಿನೊಳಗಿಂದ ಆಕಾಶ ಜಾರಿ ರಸ್ತೆ ಮೇಲೆದ್ದು ಬಂತು, ಕೆಳಗೆ ಮನೆಗಳು, ಹೆಂಚು, ತಾರಸಿ, ನೀರಿನ ಟ್ಯಾಂಕು, ಅವುಗಳ ನಡುವೆ ಆಸ್ಪತ್ರೆಯ ಉದ್ದನೆಯ ಬಿಳಿ ಗೋಡೆ, ಅಮ್ಮ ಕಾಲು ಎತ್ತಿದಳು. ಅಷ್ಟೇ, ಎತ್ತಿದಳು. ಗಾಡಿ ತನ್ನ ಭಾರಕ್ಕೆ ತಾನೇ ಇಳಿಯತೊಡಗಿತು, ಒಳಗೆಲ್ಲೋ ಸಣ್ಣಗೆ ಗುಂಯ್ ಅನ್ನುವ ದನಿ, ಚಕ್ರಗಳು ತಿರುಗಿ ತಿರುಗಿ ಏರಿಗೆ ಕೊಟ್ಟದ್ದನ್ನು ಬ್ಯಾಟರಿಗೆ ವಾಪಸು ಬಾಚಿಕೊಳ್ಳುತ್ತಿವೆ, ಮೂರು ಮೂರಾಗಿಯೇ ನಿಂತಿತು, ಬಹಳ ಹೊತ್ತು ನಿಂತಿತು, ಒಂದು ತಿರುವು, ಇನ್ನೊಂದು, ನಾಲ್ಕು. ಏರಿತು ಏರಿತು ಅಂದರು ಸಾರ್, ಅಮ್ಮಾ ಅದು ಏರ್ತಿದೆ, ಇಳಿಜಾರಲ್ಲಿ ಏರ್ತಿದೆ, ಐದು, ಆಮೆ ಆರಿಹೋಯಿತು, ಗುಳುಕ್ ಅಂದಿತು ಕ್ಯಾನು, ನಾನು ತಿರುಗಿ ನೋಡಿದರೆ ಸಾರ್ ಮುಂದಿನ ಸೀಟನ್ನು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದಾರೆ, ಬಲಗಾಲಿನ ಬೂಟು ಯಾವಾಗಲೋ ಕಳಚಿದೆ, ಕಾಲುಚೀಲದ ಪಾದವನ್ನು ನೆಲದಿಂದ ಎತ್ತಿ ಹಿಡಿದಿದ್ದಾರೆ, ಅಮ್ಮನಷ್ಟೇ ಎತ್ತರಕ್ಕೆ, ತಮಗೇ ಗೊತ್ತಿಲ್ಲದೆ, ನನ್ನ ಕಣ್ಣು ಅಲ್ಲಿಗೆ ಹೋದದ್ದು ಕಂಡು ಕೆಮ್ಮಿ, ಬೂಟಿಗಾಗಿ ಕಾಲಲ್ಲೇ ತಡಕಾಡಿದರು, ಬಿಳಿ ವ್ಯಾನು ಕಾಣುತ್ತಿದೆ ಈಗ, ಗೇಟಿನಲ್ಲಿ ಆಟಿಕೆಯಷ್ಟು ಚಿಕ್ಕದಾಗಿ, ನಾಳೆ ನಿಜವಾದ ನರ್ಸುಗಳು ಕೂರ್ತಾರಮ್ಮ ಅಂದರು ಸಾರ್, ಕ್ಯಾನುಗಳ ಹಾಗಲ್ಲ ಅವರು, ಬಾಯಿ ಮುಚ್ಚೋರಲ್ಲ, ನೋಡ್ಕೊಳ್ಳಿ, ಏರಲ್ಲಿ ಒಂದು ಸುಮ್ನಿದ್ರೆ ಸಾಕು ಸಾರ್, ಇಳಿಜಾರಲ್ಲಿ ಎಷ್ಟು ಬೇಕಾದ್ರೂ ಮಾತಾಡ್ಲಿ ಅಂದಳು ಅಮ್ಮ, ಈಗ ನಾನು ಮಾತಾಡಬಹುದು, ಇಳಿಜಾರು, ಮಾತಾಡಬಹುದು, ಅಜ್ಜಿಗೆ ಹೇಳಬೇಕು, ನಾನು ಎಚ್ಚರವಿದ್ದೆ ಅಜ್ಜಿ, ಅವಳು ಗುಡ್ಡ ಇಳಿದಳು, ಮಡಕೆಯೊಳಗೆ ಇನ್ನೂ ಕೆಂಡ — ಏನೇನೋ ಹೇಳಬೇಕು, ಬಾಯಿ ತೆರೆದೆ, ಕಣ್ಣು ಮತ್ತೆ ಅಮ್ಮನ ಕಾಲಿಗೇ ಹೋಯಿತು, ಪೆಡಲಿನ ಮೇಲೆ ಒಂದು ಬೆರಳಷ್ಟು ಗಾಳಿ, ಅದರ ಮೇಲೆ ಸೊಟ್ಟ ಉಗುರಿನ ಹೆಬ್ಬೆರಳು, ಮುಟ್ಟದೆ, ನಡುಗುತ್ತಾ, ಎತ್ತಿದ ಹಾಗೇ.