ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಅವಳ ಅಮ್ಮನೂ ಟೈಲರಕ್ಕನೇ ಆಗಿದ್ದಳು. ಆ ಹೆಸರು, ಉದ್ದ ಕತ್ತರಿ, ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಎಲ್ಲವೂ ಅಮ್ಮನಿಂದ ಬಂದ ಆಸ್ತಿ. ಆ ಯಂತ್ರವನ್ನು ಮಾರಿಬಿಡುವುದೆಂದು ಈಗ ತೀರ್ಮಾನವಾಗಿತ್ತು. ಭಾನುವಾರ ಬಂದು ಒಯ್ಯಲು ಹಳೇ ಸಾಮಾನಿನವನಿಗೆ ಹೇಳಿಯೂ ಆಗಿತ್ತು.

ಯಾಕೆ ಅಂತೀರಾ? ಟೈಲರಕ್ಕನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಎದ್ದರೆ ಯಂತ್ರ, ಕೂತರೆ ಯಂತ್ರ. ಊಟ ನಿಂತುಕೊಂಡೇ ಆಗುತ್ತಿತ್ತು. ಮಗಳು ಶಾಲೆಯ ಸುದ್ದಿ ಹೇಳಲು ಬಂದರೆ, "ಆಮೇಲೆ ಹೇಳು ಪುಟ್ಟಿ" ಎನ್ನುವಳು. ಆ ಆಮೇಲೆ ಎನ್ನುವುದು ಬರುತ್ತಲೇ ಇರಲಿಲ್ಲ. ಈಗೀಗ ಪುಟ್ಟಿ ಹೇಳಲು ಬರುವುದನ್ನೇ ಬಿಟ್ಟಿದ್ದಳು. ಹೋದ ವಾರವಂತೂ ಹೊಲಿಯುತ್ತಿದ್ದ ಹಾಗೇ ತಲೆ ಸುತ್ತಿ, ಸೂಜಿ ನೇರ ಬೆರಳಿಗೆ ಇಳಿದಿತ್ತು.

ಆ ಬೆರಳಿಗೆ ಪಟ್ಟಿ ಕಟ್ಟಿದ್ದ ಆಸ್ಪತ್ರೆಯ ನರ್ಸಕ್ಕ ಸೋಮವಾರ ಮಧ್ಯಾಹ್ನ ಮನೆಗೆ ಬಂದರು. ಕೈಯಲ್ಲೊಂದು ಹಳೆಯ ನೀಲಿ ಯೂನಿಫಾರಂ ಇತ್ತು.

"ಇದನ್ನ ಸ್ವಲ್ಪ ಸಡಿಲ ಮಾಡಿಕೊಡು. ನಾನೇನೂ ದಪ್ಪ ಆಗಿಲ್ಲ, ಬಟ್ಟೇನೇ ಕುಗ್ಗಿದೆ."

ಟೈಲರಕ್ಕ ನಕ್ಕಳು. "ಎಲ್ಲರ ಬಟ್ಟೇನೂ ಸೊಂಟದ ಹತ್ರಾನೇ ಕುಗ್ಗತ್ತೆ ನೋಡಿ. ಕೊಡಿ, ನೀವೇ ಕೊನೇ ಗಿರಾಕಿ. ಭಾನುವಾರ ಮಿಷನ್ನು ಹೋಗತ್ತೆ."

"ಹೋಗತ್ತೆ ಅಂದ್ರೆ? ನಿಮ್ಮಮ್ಮನ ಮಿಷನ್ನಾ?"

"ಇನ್ನೇನು ಮಾಡ್ಲಿ ಅಕ್ಕಾ? ಬಟ್ಟೆ ಕಾರ್ಖಾನೆಗೆ ಸೇರ್ಕೋತೀನಿ. ಗಂಟೆ ಹೊಡೆದ್ರೆ ಕೆಲಸ, ಗಂಟೆ ಹೊಡೆದ್ರೆ ಮನೆ. ಇಲ್ಲಿ ಗಂಟೆ ಹೊಡೆಯೋರು ಯಾರು?"

"ದಿನಕ್ಕೊಂದು ಕ್ರಮ ಮಾಡ್ಕೋ ಅಂತ ನಾನು ಹೋದ ತಿಂಗಳೇ ಹೇಳಿದ್ನಲ್ಲ?"

"ಅಯ್ಯೋ, ಮಾಡಿದ್ದೆ! ಪುಟ್ಟಿ ಕೈಲಿ ದೊಡ್ಡ ವೇಳಾಪಟ್ಟಿ ಬರೆಸಿ ಗೋಡೆಗೆ ಅಂಟಿಸಿದ್ದೆ. ಇಷ್ಟಕ್ಕೆ ಏಳು, ಇಷ್ಟಕ್ಕೆ ನಡಿ, ಇಷ್ಟಕ್ಕೆ ಹೊಲಿ, ಇಷ್ಟಕ್ಕೆ ನಗು ಅನ್ನೋದೊಂದು ಬಾಕಿ. ಅಷ್ಟರಲ್ಲಿ ನಮ್ಮ ಯಜಮಾನರ ಪಾಳಿ ಬದಲಾಯ್ತು. ಬಸ್ಸಿನ ಕಂಡಕ್ಟರ್ ಕೆಲಸ ಗೊತ್ತಲ್ಲ, ಒಂದು ವಾರ ಬೆಳಗ್ಗೆ, ಒಂದು ವಾರ ಸಂಜೆ. ಮೊದಲನೇ ಸಾಲು ತಪ್ಪಿದ್ದೇ ತಡ, ಎಲ್ಲಾ ತಪ್ತು. ಅವರ ಬಸ್ಸೇ ಹೊತ್ತಿಗೆ ಸರಿಯಾಗಿ ಬರಲ್ಲ, ಇನ್ನು ನಾನು ಬರ್ತೀನಾ?"

"ಆ ವೇಳಾಪಟ್ಟಿ ಎಲ್ಲಿದೆ ಈಗ?"

ಟೈಲರಕ್ಕ ನಾಚಿಕೊಂಡು ಗೋಡೆಯ ಮೊಳೆಗೆ ನೇತುಹಾಕಿದ್ದ ಕಾಗದದ ತುಂಡು ತೋರಿಸಿದಳು. ವೇಳಾಪಟ್ಟಿಯನ್ನು ಕತ್ತರಿಸಿ ಅಂಗಿಯ ಕಾಲರಿನ ಮಾದರಿ ಮಾಡಿಕೊಂಡಿದ್ದಳು. ಕಾಲರಿನ ಒಂದು ತುದಿಯಲ್ಲಿ ಪುಟ್ಟಿಯ ದುಂಡಕ್ಷರದಲ್ಲಿ 'ವಿಶ್ರಾಂ' ಎಂದಷ್ಟೇ ಉಳಿದಿತ್ತು. ನರ್ಸಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗುತ್ತಲೇ ಟೈಲರಕ್ಕ ಯೂನಿಫಾರಮ್ಮಿನ ಪಕ್ಕದ ಹೊಲಿಗೆ ಬಿಚ್ಚತೊಡಗಿದಳು. ನಾಲ್ಕು ಎಳೆ ಬಿಚ್ಚಿದವಳು ಹಾಗೇ ನಿಂತುಬಿಟ್ಟಳು. ಹೊರಗೆ ಬಟ್ಟೆ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಲಿಗೆಯೊಳಗೆ ಎರಡು ಬೆರಳಗಲ ಮಡಚಿಟ್ಟ ಬಟ್ಟೆ ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗೆ ಕಡುನೀಲಿಯಾಗಿತ್ತು.

"ಇದು... ನಮ್ಮಮ್ಮ ಹೊಲಿದಿದ್ದು."

"ಹೂಂ. ನಾನು ಕೆಲಸಕ್ಕೆ ಸೇರಿದ ವರ್ಷ. ಇಷ್ಟು ಬಟ್ಟೆ ಒಳಗ್ಯಾಕೆ ಬಿಟ್ರಿ ಅಂತ ಕೇಳಿದ್ದೆ. 'ಹುಡುಗಿ, ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ' ಅಂದಿದ್ರು."

ಟೈಲರಕ್ಕ ಆ ಕಡುನೀಲಿ ಬಟ್ಟೆಯನ್ನು ಬೆರಳಿನಿಂದ ಸವರಿದಳು. ಅಮ್ಮನ ಬೆರಳುಗಳು, ಸೀಮೆಸುಣ್ಣದ ಬಿಳಿ ಧೂಳು, ಯಂತ್ರದ ಎಣ್ಣೆಯ ವಾಸನೆ ಒಟ್ಟಿಗೇ ಎದುರು ಬಂದವು. ಅಳತೆಗೆ ಸರಿಯಾಗಿ ಕತ್ತರಿಸಿದರೆ ಅಮ್ಮ ಕೈಮೇಲೆ ಮೆಲ್ಲಗೆ ಹೊಡೆಯುತ್ತಿದ್ದಳು. ಒಳಗೆ ಬಿಡು, ಒಳಗೆ ಬಿಡು ಎನ್ನುವುದೇ ಅವಳ ಪಾಠ.

"ಊರಿನ ಬಟ್ಟೆಗೆಲ್ಲ ಒಳಗೆ ಬಿಡ್ತೀಯ," ಎಂದರು ನರ್ಸಕ್ಕ, "ನಿನ್ನ ದಿನಕ್ಕೆ ಮಾತ್ರ ಒಂದೆಳೇನೂ ಬಿಡ್ಲಿಲ್ಲ. ಮೈಗಂಟಿ ಹೊಲಿದ ಅಂಗಿ ಕೈ ಎತ್ತಿದ್ರೆ ಹರಿಯುತ್ತೆ. ನಿನ್ನ ವೇಳಾಪಟ್ಟಿ ಹರಿದಿದ್ದೂ ಹಾಗೇ."

"ಹೇಳೋದು ಸುಲಭ ಅಕ್ಕಾ. ಕೆಲಸ ಬಂದಾಗ ಬೇಡ ಅನ್ನೋಕಾಗತ್ತಾ?"

"ನಿಮ್ಮಮ್ಮನಿಗೆ ಕೆಲಸ ಕಮ್ಮಿ ಇತ್ತಾ? ಸಂಜೆ ಅವರು ಏನು ಮಾಡ್ತಿದ್ರು, ನೆನಪು ಮಾಡ್ಕೋ."

ನೆನಪು ಮಾಡಿಕೊಳ್ಳಬೇಕಾಗಿಯೇ ಇರಲಿಲ್ಲ. ಸಂಜೆಯಾದರೆ ಅಮ್ಮ ಯಂತ್ರದ ಗಾಲಿಯಿಂದ ಚರ್ಮದ ಬೆಲ್ಟು ಕಳಚಿಡುತ್ತಿದ್ದಳು. ಬೆಲ್ಟು ಕಳಚಿತು ಎಂದರೆ ಯಾರು ಬಂದು ಬೇಡಿದರೂ ಒಂದು ಹೊಲಿಗೆಯೂ ಬೀಳುತ್ತಿರಲಿಲ್ಲ. ಆಮೇಲೆ ಬಾಗಿಲ ಮೆಟ್ಟಿಲ ಮೇಲೆ ಕೂತು, ಮಗಳ ಜಡೆ ಬಿಚ್ಚಿ ಬಾಚುತ್ತಾ, "ಹೂಂ, ಇವತ್ತು ಏನೇನಾಯ್ತು ಹೇಳು" ಎನ್ನುತ್ತಿದ್ದಳು. ಮದುವೆಗಳ ಕಾಲದಲ್ಲಿ ಬೆಲ್ಟು ಕಳಚುವುದು ತಡವಾಗುತ್ತಿತ್ತು. ಕಳಚದೇ ಇದ್ದ ದಿನ ಮಾತ್ರ ಇರಲಿಲ್ಲ. ಎಂಥ ಸುಖದ ಹೊತ್ತು ಅದು! ಟೈಲರಕ್ಕನ ಬಾಲ್ಯವೆಲ್ಲ ಆ ಮೆಟ್ಟಿಲ ಮೇಲೇ ಇತ್ತು. ತನ್ನ ಪುಟ್ಟಿಗೆ ಅಂಥದೊಂದು ಮೆಟ್ಟಿಲನ್ನೇ ತಾನು ಕೊಟ್ಟಿಲ್ಲವಲ್ಲ ಎಂದು ಅವಳಿಗೆ ದುಃಖ ಉಕ್ಕಿ ಬಂತು.

ನರ್ಸಕ್ಕ ಅವಳ ಕೈ ಹಿಡಿದರು. "ಭಾನುವಾರದ ತನಕ ನೋಡು. ದಿನವನ್ನೆಲ್ಲ ಗೆರೆ ಹಾಕಿ ಕತ್ತರಿಸಬೇಡ. ಕೂತು ಊಟ ಮಾಡೋದು, ಸಂಜೆ ಮಗಳ ಜೊತೆ ಕೂರೋದು, ಸಾಕಾಗೋಷ್ಟು ನಿದ್ದೆ. ಇವಿಷ್ಟು ಬಿಡಬೇಡ. ಹೊತ್ತು ಹಿಂದೆಮುಂದೆ ಆಗ್ಲಿ, ಪರವಾಗಿಲ್ಲ. ಕಣ್ಣಿಗೆ ಕಷ್ಟದ ಕೆಲಸ ಬೆಳಕಿರುವಾಗ ಮುಗಿಸು. ಒಂದು ದಿನ ತಪ್ಪಿದ್ರೆ ಮಾರನೇ ದಿನ ಮತ್ತೆ ಹಿಡಿ, ಇಡೀದನ್ನೇ ಹರಿದು ಕಾಲರ್ ಮಾಡಬೇಡ! ಆಮೇಲೆ ಆ ತಲೆಸುತ್ತನ್ನ ಡಾಕ್ಟರಿಗೆ ತೋರಿಸ್ಲೇಬೇಕು. ಅದರಲ್ಲಿ ಮಾತ್ರ ಹಿಂದೆಮುಂದೆ ಇಲ್ಲ."

"ಆಗದಿದ್ರೆ?"

"ಆಗದಿದ್ರೆ ಹಳೇ ಸಾಮಾನಿನವನು ಹೇಗೂ ಬರ್ತಾನಲ್ಲ."

ಮಂಗಳವಾರ ಅವಳು ಡಾಕ್ಟರನ್ನು ಕಂಡು ಬಂದಳು. ರಕ್ತ ಕಮ್ಮಿಯಿದೆ, ಹೊತ್ತಿಗೆ ಉಣ್ಣಬೇಕು ಎಂದು ಹೇಳಿ ಅವರು ಮಾತ್ರೆ ಬರೆದುಕೊಟ್ಟರು. ಬುಧವಾರ ಸಂಜೆ ಬೆಲ್ಟು ಕಳಚಿ ಮೆಟ್ಟಿಲ ಮೇಲೆ ಕೂತಳು. ಪುಟ್ಟಿ ಅನುಮಾನದಿಂದ ನೋಡಿ, "ಕರೆಂಟ್ ಹೋಯ್ತಾ ಅಮ್ಮಾ?" ಎಂದಳು. ಕಾಲಲ್ಲಿ ತುಳಿಯುವ ಯಂತ್ರಕ್ಕೆ ಕರೆಂಟೆಲ್ಲಿಯದು! ಮಾತು ಅಷ್ಟಕ್ಕೇ ನಿಂತಿತು. ಗುರುವಾರ ಅವಸರದ ಕೆಲಸವೊಂದು ಬಂದು ಸಂಜೆಯ ಕೂಟ ತಪ್ಪಿತು. 'ಮುಗೀತು, ನಾಯಿ ಬಾಲ ಡೊಂಕೇ' ಎಂದು ರಾತ್ರಿ ಗಂಡನ ಮುಂದೆ ಗೊಣಗಿದಳು ಟೈಲರಕ್ಕ.

ಗಂಡ ಬಿಡಲಿಲ್ಲ. "ಒಂದು ಬಸ್ ತಪ್ಪಿದ್ರೆ ಜನ ಮುಂದಿನ ಬಸ್ಸಿಗೆ ಕಾಯ್ತಾರೆ ಕಣೇ, ಊರು ಬಿಟ್ಟು ಹೋಗಲ್ಲ. ಈ ವಾರ ನಂದು ಸಂಜೆ ಪಾಳಿ, ನಾಳೆ ಬೆಳಗ್ಗೆ ಅಡುಗೆ ನಾನು ಮಾಡ್ತೀನಿ. ನೀನು ಬೆಳಕಲ್ಲೇ ಹೊಲಿದು ಮುಗಿಸು."

ಶುಕ್ರವಾರ ಅವಳು ಮತ್ತೆ ಮೆಟ್ಟಿಲಿಗೆ ಬಂದಳು. ಪುಟ್ಟಿ ತಾನಾಗಿಯೇ ಬಾಚಣಿಗೆ ತಂದು ಅಮ್ಮನ ಮುಂದೆ ಬೆನ್ನು ಹಾಕಿ ಕೂತಳು. ಜಡೆ ಅರ್ಧ ಹೆಣೆಯುವ ಹೊತ್ತಿಗೆ ಮೆಲ್ಲಗೆ ಹೇಳಿದಳು. "ಅಮ್ಮಾ, ಬೋರ್ಡ್ ಮೇಲಿನ ಅಕ್ಷರ ನಂಗೆ ಸರಿಯಾಗಿ ಕಾಣಲ್ಲ. ತುಂಬಾ ದಿನದಿಂದ. ನಿಂಗೆ ಪುರುಸೊತ್ತಿರಲಿಲ್ಲ ಅಂತ ಹೇಳ್ಲಿಲ್ಲ."

ಟೈಲರಕ್ಕ ಮಗಳನ್ನು ಹಿಂದಿನಿಂದ ತಬ್ಬಿಕೊಂಡಳು. ಶನಿವಾರ ಹೊಲಿಗೆ ಬದಿಗಿಟ್ಟು ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಕನ್ನಡಕ ಹಾಕಿದರೆ ಸರಿಹೋಗುತ್ತದೆ ಎಂದರು.

ಭಾನುವಾರ ಹಳೇ ಸಾಮಾನಿನವನು ಬಂದಾಗ ಮನೆಯವರೆಲ್ಲ ಕೂತು ಊಟ ಮಾಡುತ್ತಿದ್ದರು. ಟೈಲರಕ್ಕ ಏಳಲಿಲ್ಲ.

"ಕೂತ್ಕೋಪ್ಪಾ, ಊಟ ಆಗ್ಲಿ. ಮಿಷನ್ ಕೊಡಲ್ಲ. ಸುಮ್ನೆ ಓಡಾಡಿಸಿದ್ದಕ್ಕೆ ಬೇಜಾರ್ ಮಾಡ್ಕೋಬೇಡ, ನೀನೂ ಊಟ ಮಾಡ್ಕೊಂಡು ಹೋಗು."

ಅವನು ತಲೆ ಕೆರೆದುಕೊಂಡ. "ಹೋಗ್ಲಿ ಬಿಡಿ. ಬಂದಿದ್ದಕ್ಕೆ ಈ ಕೋಟಿನ ಜೇಬಾದ್ರೂ ಹೊಲಿದುಕೊಡಿ."

ಟೈಲರಕ್ಕ ಯಂತ್ರದ ಕಡೆ ನೋಡಿದಳು. ಬೆಲ್ಟು ಕಳಚಿ ಗಾಲಿಯ ಪಕ್ಕ ನೇತಾಡುತ್ತಿತ್ತು.

"ಇವತ್ತಲ್ಲ," ಎಂದಳು. "ನಾಳೆ ಬೆಳಗ್ಗೆ ಬಾ."

ಪುಟ್ಟಿ ತಟ್ಟೆಯಿಂದ ತಲೆಯೆತ್ತಿ ಅಮ್ಮನನ್ನೇ ನೋಡಿದಳು. ಆಮೇಲೆ ಸರಿದು ಅವಳಿಗೆ ಒತ್ತಿಕೊಂಡು ಕೂತಳು.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವ ನಿಮ್ಮ ದಿನದ ಹೊಲಿಗೆ ಹೇಗಿದೆ? ಎಲ್ಲಾದರೂ ಬಿಗಿಯುತ್ತಿದೆಯೇ? ನಿಮಗೆ ಬಿಡಲೇಬಾರದ ಎರಡು ಮೂರು ಸಂಗತಿ ಯಾವುವು ಎಂದು ಇವತ್ತೇ ಮನೆಯವರ ಜೊತೆ ಕೂತು ಮಾತಾಡಿ. ಉಳಿದದ್ದು ಅದರ ಸುತ್ತ ಹಿಂದೆಮುಂದೆ ಸರಿಯಲಿ. ಕೆಲಸ ಹಂಚಿಕೊಳ್ಳಿ. ಮೈ ಏನಾದರೂ ಹೇಳುತ್ತಿದ್ದರೆ ಡಾಕ್ಟರನ್ನು ಕಾಣಿ. ತಪ್ಪಿದ ದಿನಕ್ಕೆ ಕೊರಗದೆ ಮಾರನೇ ದಿನ ಮತ್ತೆ ಶುರು ಮಾಡಿ. ಸಂಜೆ ಒಂದು ಹೊತ್ತು ನಿಮ್ಮ ಯಂತ್ರದ ಬೆಲ್ಟನ್ನೂ ಕಳಚಿಡಿ. ಪಕ್ಕದಲ್ಲಿ ಯಾರೋ ಬಹಳ ದಿನದಿಂದ ನಿಮಗೆ ಏನನ್ನೋ ಹೇಳಬೇಕೆಂದು ಕಾಯುತ್ತಿರಬಹುದು.