ಮಲ್ಲಾಜಮ್ಮನಿಗಾಗಿ ಬಿಟ್ಟ ಊಟ

ಬೀಚನಹಳ್ಳಿಯ ಲಿಂಗಯ್ಯನ ಹಿಮ್ಮಡಿ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಕಾಲುವೆ ದಾಟಿದರೆ ಅವನ ಹೊಲ. ಹೊಲದ ಬದುವಿನಲ್ಲಿ ಹೆಂಡತಿ ಮಲ್ಲಾಜಮ್ಮನ ಸಮಾಧಿ. ದಿನಾ ಸಂಜೆ ಅಲ್ಲಿ ಕೂತು ಅವಳಿಗೆ ಊರ ಸುದ್ದಿಯೆಲ್ಲ ಹೇಳಿ ಬರುತ್ತಿದ್ದ. ಈಗ ಜಗಲಿಯಿಂದ ಕಾಲುವೆಯ ಏರಿ ನೋಡುವುದಷ್ಟೇ.

"ಎಷ್ಟೊಂದು ಸುದ್ದಿ ಉಳ್ಕಂಡದೆ" ಎಂದು ಗೊಣಗುತ್ತಿದ್ದ.

ಆಶಾ ಕಾರ್ಯಕರ್ತೆ ಪವಿತ್ರಾ ಗಾಯ ನೋಡಲು ಬಂದಳು. "ಸಕ್ಕರೆ ಕಾಯ್ಲೆ ಇಲ್ಲ, ಮೈ ಇಳಿದೋಗದೆ ಅಂದವ್ರೆ ಕೋಟೆ ತಾಲ್ಲೂಕಾಸ್ಪತ್ರೇಲಿ. ಏನುಣ್ತೀರಿ ದೊಡ್ಡಪ್ಪ?"

ಸೊಸೆ ಸಿಂಧು ಒಳಗಿನಿಂದಲೇ ಉತ್ತರಿಸಿದಳು. "ಅನ್ನ, ನೀರುಮಜ್ಜಿಗೆ, ಉಪ್ಪಿನಕಾಯಿ. ಆರು ತಿಂಗ್ಳಿಂದ ಅಷ್ಟೇ ಕಣಕ್ಕ. ಅತ್ತೆ ತೀರೋದಾಗಿಂದ, ಅವ್ರಿಗೆ ಇಷ್ಟ ಅಂತ ಮಿಕ್ಕಿದ್ದೆಲ್ಲ ಬುಟ್ಬುಟ್ಟವ್ರೆ."

ತೀರಿಹೋದವರಿಗೆ ಇಷ್ಟವಾದ ಒಂದು ತಿನಿಸನ್ನು ಅವರ ನೆನಪಿಗೆ ಬಿಡುವುದುಂಟು. ಮಲ್ಲಾಜಮ್ಮನಿಗೆ ರಾಗಿಮುದ್ದೆ, ಹುರುಳಿಕಾಳಿನ ಸಾರು, ಮೊಟ್ಟೆ, ಕಬಿನಿ ಮೀನು, ಬೆಳ್ಳುಳ್ಳಿ ಖಾರ ಎಲ್ಲವೂ ಇಷ್ಟ. ಯಾವುದನ್ನು ಬಿಡುವುದೆಂದು ತೋಚದೆ ಲಿಂಗಯ್ಯ ಎಲ್ಲವನ್ನೂ ಬಿಟ್ಟಿದ್ದ.

"ನೀವು ಬುಟ್ಟಿರೋದ್ರಲ್ಲೇ ಗಂಧಕ ಇರೋದು" ಎಂದಳು ಪವಿತ್ರಾ. "ಕೂದ್ಲು, ಉಗುರು, ಚರ್ಮ ಎಲ್ಲಕ್ಕೂ ಅದು ಬೇಕು. ಗಾಯ ಕೂಡಕ್ಕೆ ಪ್ರೋಟೀನ್ ಬೇಕಲ್ಲ, ಅದ್ರೊಳಗೇ ಈ ಗಂಧಕ ಸೇರ್ಕಂಡಿರ್ತದೆ."

"ಗಂಧಕ ಪಟಾಕಿಗಲ್ವಾ ಹಾಕೋದು? ನಾನದನ್ನ ಉಂಡು ಬೀಡಿ ಹಚ್ಚಿದ್ರೆ ಊರೇ ಅದುರ್ತದೆ."

"ಗಿಡಕ್ಕೆ ಹೊಡಿಯೋ ಹಳದಿ ಪುಡೀನ ಬಾಯ್ಗೆ ಹಾಕ್ಬ್ಯಾಡಿ ಮತ್ತೆ. ಊಟದಲ್ಲಿರೋದು ಕಣ್ಣಿಗೆ ಕಾಣಕ್ಕಿಲ್ಲ. ಮೊಟ್ಟೆ, ಮೀನಲ್ಲಿ ಚೆನ್ನಾಗದೆ. ಕಾಳಲ್ಲಿ ಒಸಿ ಕಮ್ಮಿ. ಆ ಕಮ್ಮೀನ ರಾಗಿ ತುಂಬ್ತದೆ. ಅದ್ಕೇ ಮುದ್ದೆ, ಕಾಳುಸಾರು ಒಳ್ಳೆ ಜೋಡಿ."

ಜೋಡಿ ಎಂಬ ಮಾತು ಕೇಳಿ ಲಿಂಗಯ್ಯ ಏರಿಯ ಕಡೆ ತಿರುಗಿದ. "ಅವ್ಳಿಲ್ದೆ ಆ ಸಾರಿನ ವಾಸ್ನೆ ಬಂದ್ರೆ ತಟ್ಟೆ ಮುಂದಿಂದ ಎದ್ದೋಗ್ಬುಡ್ತೀನಿ ಕಣವ್ವ. ಅವ್ಳಿಗೋಸ್ಕರ ಇಷ್ಟೂ ಮಾಡ್ದಿದ್ರೆ ಹೆಂಗೆ?"

"ಅವ್ರಿಗೋಸ್ಕರ ಬುಟ್ರಿ. ಈಗ ಅವ್ರ ತಾವ್ಕೇ ಹೋಗಕ್ಕಾಯ್ತಿಲ್ವಲ್ಲ ದೊಡ್ಡಪ್ಪ."

ಲಿಂಗಯ್ಯ ಪಟ್ಟಿ ಕಟ್ಟಿದ ಕಾಲನ್ನು ನೋಡಿಕೊಂಡ. ಪವಿತ್ರಾ ಮೆಲ್ಲಗೆ ಕೇಳಿದಳು: "ಹಿರೀಕರಿಗೆ ಎಡೆ ಇಡೋ ಮಾರ್ನಮಿ ಅಮಾಸೆ ಬಂತು. ದೊಡ್ಡವ್ವನ ಎಡೆಗೆ ಏನಿಡ್ತೀರಿ?"

"ಅವ್ಳಿಗೆ ಇಷ್ಟವಾದ್ದೇ. ಮುದ್ದೆ, ಹುರುಳಿ, ಮೊಟ್ಟೆ."

"ಎಡೆ ಇಟ್ಟು ನೀವೇ ಉಣ್ದೆ ಎದ್ರೆ ದೊಡ್ಡವ್ವ ಏನಂದಾರು?"

ಊರಿನವರ ದನಿಯನ್ನೆಲ್ಲ ಅಣಕಿಸಿ ನಗಿಸುವ ಲಿಂಗಯ್ಯ ಹೆಂಡತಿಯ ದನಿಯನ್ನು ಆರು ತಿಂಗಳಿಂದ ಮುಟ್ಟಿರಲಿಲ್ಲ. ಈಗದು ತಾನಾಗಿ ಬಂತು: "ಹಳಸ್ಕಳ್ಳಿ ಅಂತ ಇಟ್ಟಿದ್ದೀಯ ಮೂದೇವಿ? ಉಣ್ಣು, ಆರೋಯ್ತದೆ."

ಒಳಗೆ ಸಿಂಧುವಿನ ಕೈಯಲ್ಲಿದ್ದ ಸೌಟು ನಿಂತಿತು. ಥೇಟು ಅತ್ತೆಯೇ. ಲಿಂಗಯ್ಯ ಟವೆಲಿನಿಂದ ಮುಖ ಮುಚ್ಚಿಕೊಂಡ.

ಅಮಾವಾಸ್ಯೆಯ ದಿನ ಎಡೆ ಮುಂದೆ ಕೂತ ಲಿಂಗಯ್ಯನಿಗೆ ಮೊದಲ ತುತ್ತು ನುಂಗಲು ತುಂಬ ಹೊತ್ತು ಹಿಡಿಯಿತು. ಆಮೇಲೆ ದಿನಾ ಮುದ್ದೆ, ಸಾರು, ಒಂದು ಮೊಟ್ಟೆ. ಜೊತೆಗೆ ಆಸ್ಪತ್ರೆಯ ಔಷಧಿ, ಪಟ್ಟಿ. ದೀಪಾವಳಿ ಕಳೆದ ಮೇಲೆ ಗಾಯ ಕೂಡಿತು. ಒಂದು ಸಂಜೆ ಕಾಲುವೆ ದಾಟಿ ಹೋದವನು ಬೇಗ ಬರಲಿಲ್ಲ. ಹೆಂಡತಿಗೆ ಹೇಳಲು ಉಳಿದ ಸುದ್ದಿ ಅಷ್ಟಿತ್ತು; ಸಿಂಧು ಕರೆಯಲೂ ಹೋಗಲಿಲ್ಲ.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ದುಃಖಕ್ಕೋ ಹರಕೆಗೋ ಊಟ ಬಿಟ್ಟವರಿದ್ದಾರೆಯೇ? ಇವತ್ತೇ ಅವರ ತಟ್ಟೆ ನೋಡಿ. ಮೊಟ್ಟೆ, ಮೀನು ಒಲ್ಲದವರಿಗೆ ಮುದ್ದೆಯ ಜೊತೆ ಕಾಳು, ಹಾಲು, ಮೊಸರು ಬಡಿಸಿ. ಒಗ್ಗರಣೆಗೆ ಬೆಳ್ಳುಳ್ಳಿ, ಈರುಳ್ಳಿ ಇರಲಿ. ಗಾಯ ಮಾಯದಿದ್ದರೆ ಊಟವೊಂದನ್ನೇ ನಂಬಿ ಕೂರದೆ ಆಸ್ಪತ್ರೆಗೆ ತೋರಿಸಿ. ಹೋದವರ ನೆನಪು ಹೊರುವುದಕ್ಕೂ ಮೈಯಲ್ಲಿ ಕಸುವು ಬೇಕು. ಪಕ್ಕದಲ್ಲಿ ಕೂತು ಉಣ್ಣಿಸಿ.